ಪ್ರಿಂಟರಿಗೆ ಸ್ಟ್ಯಾಟಿಕ್ ಐಪಿ ಹಾಕಿಸುತ್ತಿದ್ದೀರಾ? ಮೊದಲು ರೂಟರಿನ ಡಿಎಚ್‌ಸಿಪಿ ರೇಂಜ್ ನೋಡಿ

ನಮ್ಮ ಆಫೀಸಿನ ಹೊಸ ಪ್ರಿಂಟರ್ ಕೂರಿಸಲು ಬಂದವರು ಅದಕ್ಕೆ 192.168.1.105 ಅಂತ ಸ್ಟ್ಯಾಟಿಕ್ ಐಪಿ (ಬದಲಾಗದ ನೆಟ್‌ವರ್ಕ್ ವಿಳಾಸ) ಹಾಕಿದರು. ಟೆಸ್ಟ್ ಪೇಜ್ ತೆಗೆದು ತೋರಿಸಿ ಹೊರಟರು. ರೂಟರ್ ಕಡೆ ತಿರುಗಿಯೂ ನೋಡಲಿಲ್ಲ. ಸಾಧನಗಳಿಗೆ ತಾನಾಗಿಯೇ ಐಪಿ ಕೊಡುವ ಅದರ ಡಿಎಚ್‌ಸಿಪಿ ಹಂಚುತ್ತಿದ್ದದ್ದು ಕೊನೆಯ ಸಂಖ್ಯೆ 100ರಿಂದ 199ರವರೆಗಿನ ವಿಳಾಸಗಳನ್ನು. 105 ಅದರೊಳಗೇ ಬಂತಲ್ವಾ!

ಇಂಥ ತಪ್ಪು ಕೂಡಲೇ ಗೊತ್ತಾಗುವುದಿಲ್ಲ. ಎಷ್ಟೋ ರೂಟರುಗಳು ವಿಳಾಸ ಕೊಡುವ ಮುಂಚೆ ಅದು ಬಳಕೆಯಲ್ಲಿದೆಯಾ ಅಂತ ಪರೀಕ್ಷಿಸುತ್ತವೆ. ಆದರೆ ರಜೆಯಲ್ಲಿ ಪ್ರಿಂಟರ್ ಆಫ್ ಇದ್ದರೆ ಉತ್ತರ ಕೊಡುವವರು ಯಾರು? ಯಾರದೋ ಲ್ಯಾಪ್‌ಟಾಪಿಗೆ 105 ಹೋಯಿತು. ಆಮೇಲೆ ಪ್ರಿಂಟರ್ ಆನ್ ಆಯಿತು. ಅಲ್ಲಿಂದ ತಲೆನೋವು ಶುರು.

ಒಬ್ಬರಿಗೆ ಪ್ರಿಂಟ್ ಬರುತ್ತದೆ, ಪಕ್ಕದವರಿಗೆ ಇಲ್ಲ. ಆ ಲ್ಯಾಪ್‌ಟಾಪಿನ ನೆಟ್ ಆಗಾಗ ಕಟ್. ಫೋನ್ ಮಾಡಿದರೆ ‘ಡ್ರೈವರ್ ಮತ್ತೆ ಹಾಕಿ, ಕೇಬಲ್ ಬದಲಿಸಿ’ ಎಂಬ ಉತ್ತರ. ಸುಮ್ನೆ ಸಮಯ ಹಾಳು. ಕೊನೆಗೆ ಪ್ರಿಂಟರಿನ ನೆಟ್‌ವರ್ಕ್ ಕೇಬಲನ್ನೇ ಕಿತ್ತು 105ಕ್ಕೆ ಪಿಂಗ್ ಮಾಡಿದೆವು, ಅಂದರೆ ಆ ವಿಳಾಸದಲ್ಲಿ ಯಾರಾದರೂ ಇದ್ದಾರಾ ಅಂತ ಕೇಳಿದೆವು. ಆಗಲೂ ಉತ್ತರ ಬಂತು! ಯಾವ ಐಪಿ ಯಾವ ಸಾಧನದ್ದು ಎಂದು ತೋರಿಸುವ ‘ಎಆರ್‌ಪಿ -ಎ’ (arp -a) ಕಮಾಂಡ್ ಕೊಟ್ಟಾಗ ಕಂಡ ಮ್ಯಾಕ್ ವಿಳಾಸ (ಸಾಧನದ ಹಾರ್ಡ್‌ವೇರ್ ಗುರುತು) ಪ್ರಿಂಟರಿನದ್ದಾಗಿರಲಿಲ್ಲ. ನಿಮ್ಮಲ್ಲೂ ಹೀಗೆ ಅನುಮಾನ ಬಂದರೆ ಪಿಂಗ್ ಒಂದನ್ನೇ ನಂಬಬೇಡಿ. ಫೈರ್‌ವಾಲ್ ಇರುವ ಲ್ಯಾಪ್‌ಟಾಪ್ ಪಿಂಗಿಗೆ ಉತ್ತರ ಕೊಡದೆಯೂ ಇರಬಹುದು. ಎಆರ್‌ಪಿ ಪಟ್ಟಿಯನ್ನೂ ನೋಡಿ.

ಪ್ರಿಂಟರ್, ಕ್ಯಾಮೆರಾ, ಎನ್‌ವಿಆರ್ (ಕ್ಯಾಮೆರಾ ರೆಕಾರ್ಡರ್), ಯಾವುದೇ ಇರಲಿ, ಸ್ಟ್ಯಾಟಿಕ್ ಐಪಿಯನ್ನು ಡಿಎಚ್‌ಸಿಪಿ ರೇಂಜಿನ ಹೊರಗೆ ಹಾಕಿಸಿ. ನಮ್ಮಲ್ಲಾದರೆ 20 ಅಥವಾ 30 ಆಗಬಹುದಿತ್ತು. ರೂಟರಿನದೇ ವಿಳಾಸವನ್ನಂತೂ ಯಾವುದಕ್ಕೂ ಕೊಡಬೇಡಿ, ಇಡೀ ಆಫೀಸಿನ ನೆಟ್ ಕೈಕೊಡುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿ ಎಂದರೆ ಪ್ರಿಂಟರನ್ನು ಡಿಎಚ್‌ಸಿಪಿಯಲ್ಲೇ ಬಿಟ್ಟು, ಅದರ ಮ್ಯಾಕ್ ವಿಳಾಸಕ್ಕೆ ರೂಟರಿನಲ್ಲಿ ರಿಸರ್ವೇಶನ್ ಮಾಡಿಸುವುದು, ಅಂದರೆ ಒಂದು ಐಪಿಯನ್ನು ಅದಕ್ಕೇ ಕಾದಿರಿಸುವುದು. ಯಾವ ಸಾಧನಕ್ಕೆ ಯಾವ ಐಪಿ ಎನ್ನುವುದು ಒಂದೇ ಕಡೆ ಸಿಗುತ್ತದೆ.

ಒಂದು ಎಚ್ಚರ ಮಾತ್ರ ಇರಲಿ. ಪ್ರಿಂಟರಿನ ವೈಫೈಗೊಂದು ಮ್ಯಾಕ್, ಕೇಬಲ್ ಪೋರ್ಟಿಗೊಂದು ಮ್ಯಾಕ್ ಇರುತ್ತದೆ. ನೀವು ಬಳಸುವುದು ಯಾವುದೋ ಅದಕ್ಕೇ ರಿಸರ್ವೇಶನ್ ಆಗಿದೆಯಾ ನೋಡಿ. ರೂಟರಿನ ರಿಸರ್ವೇಶನ್ ಪೇಜನ್ನು ತೋರಿಸುವವರೆಗೆ ಬಂದವರನ್ನು ಕಳಿಸಬೇಡಿ.