ಬಿಸಿಲೂರಿನ ಕಾರಿನಲ್ಲಿ ಮಳೆಗಾಲದ ಕರಾವಳಿಗೆ ಹೊರಡುವವರಿಗೆ

ವಿಜಯಪುರದಿಂದ ರಾಷ್ಟ್ರೀಯ ಹೆದ್ದಾರಿ 52 ಹಿಡಿದರೆ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ ದಾಟಿ ಅಂಕೋಲೆಗೆ ಇಳಿಯಬಹುದು. ಅಲ್ಲಿಂದ ಮುರ್ಡೇಶ್ವರದವರೆಗಿನ 66ನೇ ಹೆದ್ದಾರಿ ಮಳೆಗಾಲದಲ್ಲಿ ಬಹಳ ಚೆಂದ ಎನ್ನುತ್ತಾರೆ, ಅದು ಸುಳ್ಳಲ್ಲ. ಆದರೆ ಕಳೆದ ಜುಲೈನಲ್ಲಿ ತಾಯಿ, ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಹೊರಟ ನಾನು ಮಾಡಿದ ತಪ್ಪುಗಳನ್ನು ನಮ್ಮ ಭಾಗದವರು ಮತ್ತೆ ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ತಪ್ಪು ಊರಿನಲ್ಲಿಯೇ ಆಗಿತ್ತು. ಬೇಸಿಗೆಯುದ್ದಕ್ಕೂ ನೆರಳಿಲ್ಲದ ಅಂಗಳದಲ್ಲಿ ನಿಂತ ಕಾರಿನ ವೈಪರ್ ರಬ್ಬರ್ ಒಣಗಿ ಸೆಟೆದಿತ್ತು. ನಮ್ಮಲ್ಲಿ ವೈಪರ್ ಇರುವುದೇ ಧೂಳು ಒರೆಸುವುದಕ್ಕೆ. ಗ್ಯಾರೇಜಿನವರು ಆಯಿಲ್ ಬದಲಿಸಿ, “ಎಲ್ಲಾ ಬರೋಬ್ಬರಿ ಐತ್ರಿ” ಎಂದು ಕಳುಹಿಸಿದರು. ನಾನೂ ಮುಟ್ಟಿ ನೋಡಲಿಲ್ಲ. ಉತ್ತರ ಕನ್ನಡಕ್ಕೆ ಮಳೆಯ ಎಚ್ಚರಿಕೆ ಇದ್ದುದನ್ನು ಓದಿಯೂ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 204.4 ಮಿ.ಮೀ. ಮೀರಿದ ಮಳೆಗೇ ಒಂದು ಪ್ರತ್ಯೇಕ ವರ್ಗವಿದೆ. ನಮ್ಮ ವಿಜಯಪುರಕ್ಕೆ ವರ್ಷವಿಡೀ ಬೀಳುವುದು ಸುಮಾರು 600 ಮಿ.ಮೀ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೆ ಹೊರಡುತ್ತಲೇ ಇರಲಿಲ್ಲ.

ಅಂಕೋಲೆ ದಾಟುವಾಗ ಬಿಸಿಲಿತ್ತು. 2024ರ ಜುಲೈ 16ರಂದು ಗುಡ್ಡ ಕುಸಿದು, ರಸ್ತೆ ಬದಿಯ ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿದ ಶಿರೂರು ಇದೇ ಎಂದು ಮಕ್ಕಳಿಗೆ ತೋರಿಸಿದೆ. ತೋರಿಸಿದವನಿಗೇ ಬುದ್ಧಿ ಬಂದಿರಲಿಲ್ಲ.

ನಮ್ಮ ಬಯಲಿನಲ್ಲಿ ಮಳೆ ಎರಡು ಊರಾಚೆ ಇರುವಾಗಲೇ ಕಣ್ಣಿಗೆ ಬೀಳುತ್ತದೆ. ಕುಮಟಾ ದಾಟಿದ ಮೇಲೆ ಒಂದು ತಿರುವು ಮುಗಿಯುವಷ್ಟರಲ್ಲಿ ಬಿಸಿಲು ಹೋಗಿ, ಮುಂದಿನ ಲಾರಿಯೂ ಕಾಣದಂಥ ಮಳೆ ಸುರಿಯಿತು. ನನ್ನ ಎದುರಿನ ವೈಪರ್ ನಾಲ್ಕಾರು ಸಲ ಬೀಸುವುದರೊಳಗೆ ಅದರ ರಬ್ಬರ್ ಹಾವಿನ ಪೊರೆಯಂತೆ ಕಿತ್ತುಬಂದು ಜೋತಾಡತೊಡಗಿತು. ಬರಿಯ ಪಟ್ಟಿ ಕರಕರನೆ ಗಾಜನ್ನು ಗೀರುತ್ತಿತ್ತು. ಚಳಿಯೆಂದು ಏಸಿ ಆರಿಸಿದ್ದರಿಂದ ಐದು ಜನರ ಉಸಿರಿಗೆ ಗಾಜು ಒಳಗಿನಿಂದಲೂ ಮಂಜಾಯಿತು. (ಏಸಿ ಹಾಕಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿದರೆ ಅದು ತಿಳಿಯಾಗುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ.) ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಓಡಿಸುತ್ತಿದ್ದುದರಿಂದ ನಾನು ಎಡಕ್ಕೆ ಸರಿಯುವುದು ಹಿಂದಿನ ಬಸ್ಸಿನವನಿಗೆ ತಿಳಿಯದೆ, ಅವನು ಹಾರ್ನ್ ಒತ್ತಿ ಕೈಯಳತೆಯಲ್ಲಿ ದಾಟಿಹೋದ.

ಕೊನೆಗೆ ರಸ್ತೆ ಅಗಲವಾಗಿದ್ದಲ್ಲಿ ನಿಲ್ಲಿಸಿದೆ. ಅದು ಗುಡ್ಡ ಕಡಿದ ಜಾಗ. ಎದುರಿನ ಅಂಗಡಿಯವರೊಬ್ಬರು ಕೊಡೆ ಹಿಡಿದು ಓಡಿಬಂದು, ಧರೆಯ (ಕಡಿದ ಗುಡ್ಡದ ಗೋಡೆಯ) ಕೆಳಗೆ ನಿಲ್ಲಬೇಡಿ ಎಂದು ಕೂಗಿ, ಮೇಲಿನಿಂದ ಇಳಿಯುವ ನೀರನ್ನು ತೋರಿಸಿದರು. ಅದು ಕೆಂಪಗೆ ರಾಡಿಯಾಗಿತ್ತು, ಜೊತೆಗೆ ಸಣ್ಣ ಕಲ್ಲುಗಳು ಉರುಳುತ್ತಿದ್ದವು. ಅವರೇ ಮುಂದೆ ನಡೆದು ದಾರಿ ತೋರಿಸಿ, ಬಯಲಿನಲ್ಲಿದ್ದ ಪೆಟ್ರೋಲ್ ಬಂಕಿನವರೆಗೆ ಕರೆದೊಯ್ದರು. ಅಂದು ಗುಡ್ಡವೇನೂ ಕುಸಿಯಲಿಲ್ಲ. ನಾಲ್ಕು ಬುಟ್ಟಿಯಷ್ಟು ಮಣ್ಣು ಬಿತ್ತು, ಆದರೆ ನಮ್ಮ ಕಾರು ನಿಂತಿದ್ದ ಜಾಗಕ್ಕೇ.

ಅಂದು ಮುರ್ಡೇಶ್ವರ ತಲುಪದ ನಮಗೆ, ಅಲ್ಲಿ ಕಾದಿರಿಸಿದ್ದ ಕೋಣೆಯವರು ಮುಂಗಡ ಮರಳಿಸಲಿಲ್ಲ. ಮಳೆಗಾಲದಲ್ಲಿ ಪೂರ್ತಿ ಹಣ ಮೊದಲೇ ಕಟ್ಟದಿರುವುದು ಒಳ್ಳೆಯದು, ಏಕೆಂದರೆ ಆ ಹಣದ ಆಸೆಯೇ ಮಳೆಯಲ್ಲೂ ಮುಂದಕ್ಕೆ ಎಳೆಯುತ್ತದೆ. ಮರುದಿನ ಕುಮಟಾದಲ್ಲಿ ಹೊಸ ವೈಪರ್ ಹಾಕಿಸಲು ಹತ್ತು ನಿಮಿಷ ಸಾಕಾಯಿತು. ಗಾಜಿನ ಮೇಲಿನ ಗೀರು ಮಾತ್ರ ಹಾಗೆಯೇ ಉಳಿದಿದೆ.