ಝಾಂಪ್ ವಿಮರ್ಶೆ: ಅಪಾಚೆ ಕೈಕೊಟ್ಟರೆ ಪರವಾಗಿಲ್ಲ, ಡೇಟಾಬೇಸ್ ಕೈಕೊಟ್ಟರೆ?

ವೆಬ್‌ಸೈಟ್ ಬರೆಯುವ ಭಾಷೆ ಪಿಎಚ್‌ಪಿ ಕಲಿಯಲು ಹೊರಟವರ ವಿಂಡೋಸ್ ಕಂಪ್ಯೂಟರಿಗೆ ಸಾಮಾನ್ಯವಾಗಿ ಮೊದಲು ಬಂದು ಸೇರುವುದು ಝಾಂಪ್ (XAMPP). ಅಪಾಚೆ ಫ್ರೆಂಡ್ಸ್ ತಂಡ 2002ರಿಂದ ಉಚಿತವಾಗಿ ಕೊಡುತ್ತಿರುವ ಈ ಒಂದೇ ಕಟ್ಟಿನಲ್ಲಿ ವೆಬ್ ಪುಟಗಳನ್ನು ಒದಗಿಸುವ ಅಪಾಚೆ ಸರ್ವರ್, ಮಾಹಿತಿ ಕೂಡಿಡುವ ಡೇಟಾಬೇಸ್, ಪಿಎಚ್‌ಪಿ, ಡೇಟಾಬೇಸನ್ನು ಬ್ರೌಸರಿನಲ್ಲೇ ನಿಭಾಯಿಸುವ ಪಿಎಚ್‌ಪಿಮೈಅಡ್ಮಿನ್ ಎಲ್ಲ ಇವೆ. ಬಿಸಿಎ, ಡಿಪ್ಲೊಮಾ ಪ್ರಾಜೆಕ್ಟ್‌ಗಳಿಗೆ ಇದು ಸಾಕು, ಆ ಮಟ್ಟಿಗೆ ದೂರಲು ಏನೂ ಇಲ್ಲ. ದೂರು ಇರುವುದು ಇವನ್ನು ಶುರುಮಾಡುವ, ನಿಲ್ಲಿಸುವ ಝಾಂಪ್‌ನ ಕಂಟ್ರೋಲ್ ಪ್ಯಾನೆಲ್ ಮೇಲೆ. ಅಪಾಚೆ ಏಳದಿದ್ದರೂ ಮೈಎಸ್‌ಕ್ಯೂಎಲ್ (ಡೇಟಾಬೇಸ್) ಏಳದಿದ್ದರೂ ಅದು ತೋರಿಸುವುದು ಅದೇ ಕೆಂಪು ಅಕ್ಷರ. ಮೊದಲನೆಯದರಲ್ಲಿ ಕಳೆದುಕೊಳ್ಳುವುದು ಹತ್ತು ನಿಮಿಷ. ಎರಡನೆಯದರಲ್ಲಿ ಅವಸರಪಟ್ಟರೆ ಇಡೀ ಪ್ರಾಜೆಕ್ಟಿನ ಡೇಟಾ ಹೋಗುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎರಡಕ್ಕೂ ‘ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕು’ ಎಂಬ ಒಂದೇ ಮದ್ದು ಕೊಡುವವರೇ ಹೆಚ್ಚು.

ಇನ್‌ಸ್ಟಾಲ್ ಸುಲಭ. ಸುಮಾರು 150 ಎಂಬಿ ಫೈಲು. ಪ್ರೋಗ್ರಾಂ ಫೈಲ್ಸ್ ಫೋಲ್ಡರಿಗೆ ಹಾಕಬೇಡಿ, ವಿಂಡೋಸ್ ಅಲ್ಲಿ ಬರೆಯಲು ಬಿಡುವುದಿಲ್ಲ. ಅದಾಗಿಯೇ ತೋರಿಸುವ ಸಿ ಡ್ರೈವ್‌ನ ಜಾಗವೇ ಸರಿ. ಫೈಲ್‌ಜಿಲ್ಲಾ, ಮರ್ಕ್ಯುರಿ, ಟಾಮ್‌ಕ್ಯಾಟ್ ಮುಂದಿನ ಟಿಕ್ ತೆಗೆದುಬಿಡಿ. ಪಿಎಚ್‌ಪಿ ಕಲಿಯಲು ಅವು ಬೇಕಿಲ್ಲ. ಫೈರ್‌ವಾಲ್ ಅನುಮತಿ ಕೇಳಿದಾಗ ಪಬ್ಲಿಕ್ ನೆಟ್‌ವರ್ಕಿಗೆ ಒಪ್ಪಿಗೆ ಕೊಡಬೇಡಿ. ಡೇಟಾಬೇಸಿನ ರೂಟ್, ಅಂದರೆ ಎಲ್ಲ ಅಧಿಕಾರವಿರುವ ಬಳಕೆದಾರನಿಗೆ ಇಲ್ಲಿ ಪಾಸ್‌ವರ್ಡೇ ಇರುವುದಿಲ್ಲ. ಹಾಸ್ಟೆಲ್ ವೈಫೈಗೆ ಅಪಾಚೆ ತೆರೆದಿಟ್ಟು ಕೂರುವುದು ಜಾಣತನವಲ್ಲ.

ಅಪಾಚೆಯ ತಕರಾರು ಬಹುಪಾಲು ಪೋರ್ಟಿನದು, ಅಂದರೆ ಪ್ರೋಗ್ರಾಂ ನೆಟ್‌ವರ್ಕ್ ಸಂಪರ್ಕಕ್ಕೆ ಬಳಸುವ ಸಂಖ್ಯೆಯದು. ಅದಕ್ಕೆ 80 ಮತ್ತು 443 ಬೇಕು, ಅವನ್ನು ಬೇರೆ ಯಾರೋ ಹಿಡಿದುಕೊಂಡಿರುತ್ತಾರೆ. ಪ್ಯಾನೆಲ್‌ನ ನೆಟ್‌ಸ್ಟಾಟ್ ಬಟನ್ ಒತ್ತಿದರೆ ಯಾರೆಂದು ಕಾಣುತ್ತದೆ. 80ರ ಎದುರು ‘ಸಿಸ್ಟಮ್’, ಪಿಐಡಿ (ಓಡುತ್ತಿರುವ ಪ್ರೋಗ್ರಾಮಿನ ಗುರುತಿನ ಸಂಖ್ಯೆ) 4 ಎಂದಿದ್ದರೆ ಹೆಚ್ಚಾಗಿ ವಿಂಡೋಸಿನದೇ ವೆಬ್ ಸರ್ವರ್ ಐಐಎಸ್. ಸರ್ವಿಸಸ್ ಪಟ್ಟಿಯಲ್ಲಿ ‘ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವಿಸ್’ ಹುಡುಕಿ ನಿಲ್ಲಿಸಿ. 443 ಹಿಡಿದಿರುವುದು ಹಲವು ಸಲ ವರ್ಚುಯಲ್ ಕಂಪ್ಯೂಟರ್ ಓಡಿಸುವ ವಿಎಂವೇರ್. ನಿಲ್ಲಿಸಲು ಆಗದಿದ್ದರೆ ಅಪಾಚೆಯನ್ನೇ ಸರಿಸಿ. ಕಾನ್ಫಿಗ್ ಬಟನ್ನಿನಲ್ಲಿ ಸಿಗುವ ಎಚ್‌ಟಿಟಿಪಿಡಿ ಫೈಲಿನಲ್ಲಿ ‘ಲಿಸನ್ 80’ ಎಂಬುದನ್ನು 8080 ಮಾಡಿ, ಸರ್ವರ್‌ನೇಮ್ ಸಾಲಿನಲ್ಲೂ ಅದನ್ನೇ ಬರೆಯಿರಿ. ಎಸ್‌ಎಸ್‌ಎಲ್ ಫೈಲಿನ 443ನ್ನು 4433 ಮಾಡಿ. ಪ್ಯಾನೆಲ್‌ನ ‘ಸರ್ವಿಸ್ ಅಂಡ್ ಪೋರ್ಟ್ ಸೆಟ್ಟಿಂಗ್ಸ್’ನಲ್ಲಿ ಮಾತ್ರ ಸಂಖ್ಯೆ ಬದಲಿಸಿ ‘ಆಗಲಿಲ್ಲ’ ಎನ್ನುವವರಿದ್ದಾರೆ. ಅದು ಪ್ಯಾನೆಲ್ ಯಾವ ಪೋರ್ಟನ್ನು ನೋಡಬೇಕು ಎಂದಷ್ಟೇ ಹೇಳುತ್ತದೆ, ಅಪಾಚೆಗೆ ಅದರ ಸುದ್ದಿಯೇ ಇರುವುದಿಲ್ಲ.

ಇನ್ನು ‘ಮೈಎಸ್‌ಕ್ಯೂಎಲ್ ಶಟ್‌ಡೌನ್ ಅನ್‌ಎಕ್ಸ್‌ಪೆಕ್ಟೆಡ್‌ಲಿ’ ಎಂಬ ಎರರ್. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಕರೆಂಟು ಹೋದಾಗ, ಇಲ್ಲವೇ ಸ್ಟಾಪ್ ಒತ್ತದೆ ಕಂಪ್ಯೂಟರ್ ಆಫ್ ಮಾಡಿದಾಗ ಡೇಟಾಬೇಸಿನ ಲಾಗ್ ಫೈಲುಗಳು ಅರ್ಧಕ್ಕೆ ನಿಲ್ಲಬಹುದು. ಮುಂದಿನ ಸಲ ಅದು ಏಳದೆ ಹೋಗಬಹುದು. ಆಗ ಏನನ್ನೂ ಅಳಿಸುವ ಮುಂಚೆ ಪ್ಯಾನೆಲ್ ಮುಚ್ಚಿ, ಮೈಎಸ್‌ಕ್ಯೂಎಲ್ ಫೋಲ್ಡರಿನೊಳಗಿನ ‘ಡೇಟಾ’ ಫೋಲ್ಡರನ್ನು ಇಡಿಯಾಗಿ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಮಿಕ್ಕದ್ದೆಲ್ಲ ಆಮೇಲೆ.

ನಂತರ ಅದೇ ಫೋಲ್ಡರಿನ ಎರರ್ ಲಾಗ್ ತೆರೆದು ಕೊನೆಯ ಸಾಲುಗಳನ್ನು ಓದಿ. 3306 ಪೋರ್ಟ್ ಸಿಗಲಿಲ್ಲ ಎಂದಿದ್ದರೆ ಡೇಟಾಗೆ ಏನೂ ಆಗಿಲ್ಲ. ಬೇರೆಯಾಗಿ ಹಾಕಿಕೊಂಡ ಮೈಎಸ್‌ಕ್ಯೂಎಲ್ ಸರ್ವಿಸ್ ಓಡುತ್ತಿರಬೇಕು, ಅದನ್ನು ನಿಲ್ಲಿಸಿ. ‘ಏರಿಯಾ ರಿಕವರಿ ಫೇಲ್ಡ್’ ಎಂದಿದ್ದರೆ (ಏರಿಯಾ, Aria, ಎಂಬುದು ಟೇಬಲ್ಲುಗಳನ್ನು ಕೂಡಿಡುವ ಒಂದು ಎಂಜಿನ್) ಏರಿಯಾ ಲಾಗ್ (aria_log) ಎಂದು ಶುರುವಾಗುವ ಫೈಲುಗಳನ್ನು, ಏರಿಯಾ ಲಾಗ್ ಕಂಟ್ರೋಲ್ ಸಮೇತ, ಹೊರಗೆ ಸರಿಸಿ ಸ್ಟಾರ್ಟ್ ಒತ್ತಿ. ಅವು ಮತ್ತೆ ತಾವಾಗಿಯೇ ಹುಟ್ಟುತ್ತವೆ. ಎಷ್ಟೋ ಸಲ ಇಷ್ಟಕ್ಕೇ ಡೇಟಾಬೇಸ್ ಏಳುತ್ತದೆ.

ಏಳದಿದ್ದರೆ ‘ಡೇಟಾ’ ಫೋಲ್ಡರಿನ ಹೆಸರು ಬದಲಿಸಿ, ಪಕ್ಕದಲ್ಲಿರುವ ‘ಬ್ಯಾಕಪ್’ ಫೋಲ್ಡರನ್ನು ಕಾಪಿ ಮಾಡಿ ಅದಕ್ಕೆ ‘ಡೇಟಾ’ ಎಂದು ಹೆಸರಿಡಿ. ಹಳೆಯದರಿಂದ ನಿಮ್ಮ ಡೇಟಾಬೇಸುಗಳ ಫೋಲ್ಡರುಗಳನ್ನು, ಜೊತೆಗೆ ಐಬಿಡೇಟಾ1 (ibdata1) ಮತ್ತು ಎರಡು ಐಬಿ ಲಾಗ್‌ಫೈಲುಗಳನ್ನು (ib_logfile) ಹೊಸದರೊಳಗೆ ಹಾಕಿ. ಮೈಎಸ್‌ಕ್ಯೂಎಲ್, ಪರ್ಫಾರ್ಮೆನ್ಸ್ ಸ್ಕೀಮಾ, ಪಿಎಚ್‌ಪಿಮೈಅಡ್ಮಿನ್ ಎಂಬ ಫೋಲ್ಡರುಗಳನ್ನು ಮಾತ್ರ ತರಬೇಡಿ. ನೀವು ಮಾಡಿಕೊಂಡಿದ್ದ ಬಳಕೆದಾರರು, ಪಾಸ್‌ವರ್ಡುಗಳು ಇದರಿಂದ ಹೋಗುತ್ತವೆ, ಟೇಬಲ್ಲುಗಳು ಉಳಿಯುತ್ತವೆ. ‘ಐಬಿಡೇಟಾ1 ಅಳಿಸಿ, ಸರಿಹೋಗುತ್ತದೆ’ ಎಂಬ ಸಲಹೆ ಯೂಟ್ಯೂಬಿನಲ್ಲಿ ಧಾರಾಳವಾಗಿ ಸಿಗುತ್ತದೆ. ಸರ್ವರ್ ಏಳುತ್ತದೆ, ನಿಜ. ಆದರೆ ಯಾವ ಟೇಬಲ್ ಎಲ್ಲಿದೆ ಎಂಬ ಲೆಕ್ಕವನ್ನು ಟೇಬಲ್ಲುಗಳನ್ನು ಕೂಡಿಡುವ ಮುಖ್ಯ ಎಂಜಿನ್ ಇನ್ನೋಡಿಬಿ (InnoDB) ಬರೆದಿಡುವುದು ಆ ಫೈಲಿನಲ್ಲೇ. ಅದು ಹೋದರೆ ಪಟ್ಟಿಯಲ್ಲಿ ಟೇಬಲ್ ಹೆಸರು ಕಾಣುತ್ತದೆ, ಕ್ಲಿಕ್ ಮಾಡಿದರೆ 1932 ಎರರ್, ‘ಡಸಂಟ್ ಎಕ್ಸಿಸ್ಟ್ ಇನ್ ಎಂಜಿನ್’.

ಇದೂ ಫಲಿಸದಿದ್ದರೆ ಡೇಟಾಬೇಸಿನ ಸೆಟ್ಟಿಂಗ್ ಇರುವ ಮೈ ಐಎನ್‌ಐ (my.ini) ಫೈಲಿನ ಮೈಎಸ್‌ಕ್ಯೂಎಲ್‌ಡಿ ವಿಭಾಗದಲ್ಲಿ ಇನ್ನೋಡಿಬಿ ಫೋರ್ಸ್ ರಿಕವರಿಯನ್ನು (innodb_force_recovery) 1ಕ್ಕೆ ಇಟ್ಟು ಶುರುಮಾಡಿ. ಒಂದೊಂದೇ ಹೆಚ್ಚಿಸಿ 3ರವರೆಗೆ ಹೋಗಬಹುದು. 4 ಅಥವಾ ಅದಕ್ಕಿಂತ ಹೆಚ್ಚು ಇಟ್ಟರೆ ಡೇಟಾ ಶಾಶ್ವತವಾಗಿ ಕೆಡುವ ಅಪಾಯವಿದೆ. ಎದ್ದ ಕೂಡಲೇ ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿಕೊಂಡು ಆ ಸಾಲನ್ನು ತೆಗೆಯಿರಿ.

ಇಷ್ಟೆಲ್ಲ ಪಡಿಪಾಟಲು ತಪ್ಪಿಸಲು ಪ್ಯಾನೆಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮೈಎಸ್‌ಕ್ಯೂಎಲ್ ಎಡಗಡೆಯ ಕೆಂಪು ಗುರುತನ್ನು ಒತ್ತಿ ಸರ್ವಿಸ್ ಮಾಡಿಕೊಳ್ಳಿ. ಶಟ್‌ಡೌನ್ ಕೊಟ್ಟಾಗ ವಿಂಡೋಸ್ ತಾನೇ ಅದನ್ನು ಕ್ರಮವಾಗಿ ನಿಲ್ಲಿಸುತ್ತದೆ. ಕರೆಂಟು ಹೋಗುವುದಕ್ಕೆ ಮಾತ್ರ ಇದು ಪರಿಹಾರವಲ್ಲ, ಅದಕ್ಕೆ ಆಗಾಗ ಎಕ್ಸ್‌ಪೋರ್ಟ್ ಒಂದೇ ದಾರಿ. ಪವರ್‌ಶೆಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವ ಮೈಎಸ್‌ಕ್ಯೂಎಲ್‌ಡಂಪ್ ಕಮಾಂಡ್ ಓಡಿಸಿ ಬಾಣದ ಗುರುತಿನಿಂದ (>) ಫೈಲಿಗೆ ಕಳಿಸಬೇಡಿ. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1 ಅದನ್ನು ಯುಟಿಎಫ್-16ರಲ್ಲಿ ಬರೆದು ಕನ್ನಡ ಅಕ್ಷರಗಳನ್ನೂ ಕೆಡಿಸಿಬಿಡುತ್ತದೆ. ರಿಸಲ್ಟ್-ಫೈಲ್ ಆಯ್ಕೆ ಬಳಸಿ, ಅಥವಾ ಹಳೆಯ ಕಮಾಂಡ್ ಪ್ರಾಂಪ್ಟ್‌ಗೇ ಹೋಗಿ.

ಕನ್ನಡದ ಮಾತು ಬಂತಲ್ಲ. ಹೆಸರು ಬರೆದ ಕಡೆಯೆಲ್ಲ ಪ್ರಶ್ನಾರ್ಥಕ ಚಿಹ್ನೆ ಬರುತ್ತಿದ್ದರೆ ಟೇಬಲ್ಲೋ ಕನೆಕ್ಷನ್ನೋ ಕನ್ನಡಕ್ಕೆ ಜಾಗವಿಲ್ಲದ ಲ್ಯಾಟಿನ್1 ಅಕ್ಷರ ಸಂಕೇತದಲ್ಲಿದೆ ಎಂದರ್ಥ, ಫಾಂಟ್ ಬದಲಿಸಿ ಪ್ರಯೋಜನವಿಲ್ಲ. ಹೊಸ ಝಾಂಪ್‌ನ ಸರ್ವರ್ ಕನ್ನಡವನ್ನೂ ಬರೆಯಬಲ್ಲ ಯುಟಿಎಫ್8ಎಂಬಿ4ನಲ್ಲೇ ಬರುತ್ತದೆ. ಆದರೆ ಸೀನಿಯರ್ ಕೊಟ್ಟ ಹಳೆಯ ಎಸ್‌ಕ್ಯೂಎಲ್ ಫೈಲು ಇಂಪೋರ್ಟ್ ಮಾಡಿದರೆ ಅದರೊಳಗಿನ ಲ್ಯಾಟಿನ್1 ಕೂಡ ಬರುತ್ತದೆ. ಟೇಬಲ್ಲಿನ ಕೊಲೇಷನ್ (ಅಕ್ಷರಗಳನ್ನು ಹೋಲಿಸುವ, ಜೋಡಿಸುವ ನಿಯಮ) ಯುಟಿಎಫ್8ಎಂಬಿ4 ಯುನಿಕೋಡ್ ಸಿಐ ಇರಲಿ, ಪಿಎಚ್‌ಪಿಯಲ್ಲಿ ಕನೆಕ್ಷನ್ ಆದ ತಕ್ಷಣ ಸೆಟ್ ಚಾರ್‌ಸೆಟ್ ಮೂಲಕ ಯುಟಿಎಫ್8ಎಂಬಿ4 ಎಂದು ಹೇಳಿ. ಒಮ್ಮೆ ಪ್ರಶ್ನಾರ್ಥಕವಾಗಿ ಸೇವ್ ಆದದ್ದು ವಾಪಸ್ ಬರುವುದಿಲ್ಲ, ಮತ್ತೆ ಟೈಪ್ ಮಾಡಲೇಬೇಕು. ಇನ್ನೊಂದು: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ‘ಕನ್ನಡ’ ಎಂಬ ಪದಕ್ಕೆ ಪಿಎಚ್‌ಪಿಯಲ್ಲಿ ಬೈಟ್ ಎಣಿಸುವ ಎಸ್‌ಟಿಆರ್‌ಲೆನ್ 15 ಎನ್ನುತ್ತದೆ, ಸಂಕೇತ ಎಣಿಸುವ ಎಂಬಿ ಎಸ್‌ಟಿಆರ್‌ಲೆನ್ 5 ಎನ್ನುತ್ತದೆ. ಸುದ್ದಿಯ ಮೊದಲ ನೂರು ಅಕ್ಷರ ತೋರಿಸಲು ಎಂಬಿ ಇಲ್ಲದ ಸಬ್‌ಸ್ಟ್ರಿಂಗ್ ಬಳಸಿದರೆ ಕೊನೆಯಲ್ಲಿ ಕಪ್ಪು ವಜ್ರದಂಥ ಗುರುತು ಕಾಣುವುದು ಇದರಿಂದಲೇ.

ಪಿಎಚ್‌ಪಿಗೆ ಹೆಚ್ಚಿನ ಸಾಮರ್ಥ್ಯ ಕೊಡುವ ಎಕ್ಸ್‌ಟೆನ್ಷನ್ನುಗಳ ವಿಚಾರ ಚಿಕ್ಕದು. ಪಿಎಚ್‌ಪಿ ಫ್ರೇಮ್‌ವರ್ಕ್ ಕೋಡ್‌ಇಗ್ನೈಟರ್ 4ಕ್ಕೆ ಇಂಟ್ಲ್ ಬೇಕು, ಲೈಬ್ರರಿಗಳನ್ನು ತಂದುಕೊಡುವ ಕಂಪೋಸರ್ ಜಿಪ್ ಕೇಳುತ್ತದೆ, ಚಿತ್ರ ಕುಗ್ಗಿಸಲು ಜಿಡಿ ಬೇಕು. ಪಿಎಚ್‌ಪಿ ಐಎನ್‌ಐ ಫೈಲಿನಲ್ಲಿ ಆ ಸಾಲುಗಳ ಮುಂದಿರುವ ಸೆಮಿಕೋಲನ್ ತೆಗೆದು ಅಪಾಚೆಯನ್ನು ನಿಲ್ಲಿಸಿ ಶುರುಮಾಡಿ.

ಹಳತಾಗಿರುವುದು ಝಾಂಪ್‌ನ ಎರಡನೇ ದೋಷ. ವಿಂಡೋಸಿನ 8.2.12 ಆವೃತ್ತಿ ಬಂದದ್ದು 2023ರಲ್ಲಿ. ಅದರೊಳಗಿನ ಡೇಟಾಬೇಸ್ ಮರಿಯಾಡಿಬಿ 10.4ಕ್ಕೆ 2024ರ ಜೂನ್‌ನಲ್ಲೇ ಬೆಂಬಲ ಮುಗಿದಿದೆ. ಪ್ಯಾನೆಲ್ ಮೈಎಸ್‌ಕ್ಯೂಎಲ್ ಎನ್ನುತ್ತದಾದರೂ 2015ರಿಂದ ಒಳಗಿರುವುದು ಅದರಿಂದ ಕವಲೊಡೆದ ಮರಿಯಾಡಿಬಿ. ಮೈಎಸ್‌ಕ್ಯೂಎಲ್ 8 ಇರುವ ಹೋಸ್ಟಿಂಗ್‌ನಿಂದ ತಂದ ಫೈಲು ಇಲ್ಲಿ 1273 ಎರರ್ (ಗೊತ್ತಿಲ್ಲದ ಕೊಲೇಷನ್) ಕೊಡುವುದು ಅದಕ್ಕೇ. ಎಡಿಟರಿನಲ್ಲಿ ಆ ಫೈಲು ತೆರೆದು, ಹೆಸರಿನಲ್ಲಿ 0900 ಇರುವ ಕೊಲೇಷನ್ನನ್ನು ಎಲ್ಲ ಕಡೆ ಯುಟಿಎಫ್8ಎಂಬಿ4 ಯುನಿಕೋಡ್ ಸಿಐ ಎಂದು ಬದಲಿಸಿದರೆ ಇಂಪೋರ್ಟ್ ಆಗುತ್ತದೆ.

ಇಲ್ಲಿಂದ ಹೋಸ್ಟಿಂಗಿಗೆ ಹೋಗುವಾಗ ಕಾಡುವುದು ದೊಡ್ಡಕ್ಷರ, ಚಿಕ್ಕಕ್ಷರ. ವಿಂಡೋಸಿಗೆ ಎರಡೂ ಒಂದೇ, ಲಿನಕ್ಸಿಗೆ ಬೇರೆ ಬೇರೆ. ಝಾಂಪ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಇನ್‌ಕ್ಲೂಡ್ ಸಾಲು ಅಲ್ಲಿ ‘ಫೈಲ್ ಇಲ್ಲ’ ಎನ್ನುತ್ತದೆ, ಟೇಬಲ್ ಹೆಸರುಗಳಿಗೂ ಅದೇ ಗತಿ. ಫೈಲು, ಟೇಬಲ್ ಎರಡರ ಹೆಸರನ್ನೂ ಮೊದಲ ದಿನದಿಂದಲೇ ಚಿಕ್ಕಕ್ಷರದಲ್ಲಿ ಇಡಿ.