ಸರ್ವರ್ ಎದ್ದರೂ ಏಳದ ಸ್ಟೋರೇಜ್: ಒಂದು ದುರಸ್ತಿ ಸೇವೆಯ ವಿಮರ್ಶೆ

ರಾಜಾಜಿನಗರದ ನಮ್ಮ ಲೆಕ್ಕಪರಿಶೋಧನಾ ಕಚೇರಿಯಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಲಿನಕ್ಸ್ ಸರ್ವರ್ ತಾನಾಗಿ ಆನ್ ಆಗುತ್ತಿತ್ತು. ಆದರೆ ವರ್ಚುವಲ್ ಯಂತ್ರಗಳ (ಸರ್ವರ್ ಒಳಗೇ ಸಾಫ್ಟ್‌ವೇರ್ ಮೂಲಕ ನಡೆಯುವ ಕಂಪ್ಯೂಟರ್‌ಗಳ) ಡಿಸ್ಕ್‌ಗಳಿದ್ದ ಎನ್‌ಎಫ್‌ಎಸ್ ಸ್ಟೋರೇಜ್ ಪೂಲ್ (ಜಾಲದ ಮೂಲಕ ಬಳಸುವ ಸಂಗ್ರಹ ಜಾಗ) ನಿಷ್ಕ್ರಿಯವಾಗಿಯೇ ಉಳಿದು, ಟ್ಯಾಲಿ ಇರುವ ಯಂತ್ರ ಶುರುವಾಗುತ್ತಲೇ ಇರಲಿಲ್ಲ. ಮೊದಲು ಬಂದ ತಂತ್ರಜ್ಞರೊಬ್ಬರು ಪೂಲ್‌ಗೆ ಆಟೋಸ್ಟಾರ್ಟ್ (ಬೂಟ್ ವೇಳೆ ತಾನಾಗಿ ಶುರುವಾಗುವ ಸೆಟ್ಟಿಂಗ್) ಹಾಕಿ ಹಣ ಪಡೆದು ಹೋದರು. ಮರುದಿನ ಮತ್ತೆ ಅದೇ ತೊಂದರೆ.

ಆಮೇಲೆ ಕರೆಸಿದ ಎಸ್.ಪಿ. ರಸ್ತೆಯ ಸಣ್ಣ ಸೇವಾ ತಂಡದವರು ಏನನ್ನೂ ಮುಟ್ಟುವ ಮೊದಲು ಬೂಟ್ ಲಾಗ್ (ಸರ್ವರ್ ಶುರುವಾಗುವಾಗಿನ ದಾಖಲೆ) ಓದಿದ್ದು ನನಗೆ ಬಹಳ ಹಿಡಿಸಿತು. ನಮ್ಮ ಸರ್ವರ್ 40 ಸೆಕೆಂಡುಗಳಲ್ಲಿ ಸಿದ್ಧವಾಗುತ್ತದೆ, ಆದರೆ ಆ ಪೂಲ್ ಇರುವ ನಾಸ್ ಪೆಟ್ಟಿಗೆಗೆ (ಜಾಲಕ್ಕೆ ಜೋಡಿಸಿದ ಪ್ರತ್ಯೇಕ ಸಂಗ್ರಹ ಸಾಧನಕ್ಕೆ) ಸುಮಾರು 3 ನಿಮಿಷ ಬೇಕು. ಲಿಬ್‌ವರ್ಟ್ (ವರ್ಚುವಲ್ ಯಂತ್ರಗಳನ್ನು ನಿರ್ವಹಿಸುವ ಸಾಫ್ಟ್‌ವೇರ್) ಬೂಟ್ ವೇಳೆ ಪೂಲನ್ನು ಶುರುಮಾಡಲು ಯತ್ನಿಸಿ, ವಿಫಲವಾದರೆ ಅಲ್ಲಿಗೇ ಬಿಟ್ಟುಬಿಡುತ್ತದೆ ಎಂದು ಅವರು ಗಡಿಯಾರ ಹಿಡಿದು ತೋರಿಸಿದರು. ಸಿಸ್ಟಮ್‌ಡಿಯಲ್ಲಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರುಮಾಡುವ ವ್ಯವಸ್ಥೆ) ನೆಟ್‌ವರ್ಕ್-ಆನ್‌ಲೈನ್ ಹಂತಕ್ಕಾಗಿ ಕಾಯಿಸಿದರಷ್ಟೇ ಸಾಲದು, ಏಕೆಂದರೆ ಅದು ಸರ್ವರ್‌ನ ಸ್ವಂತ ಜಾಲ ಸಿದ್ಧವೆಂದು ಹೇಳುತ್ತದೆಯೇ ಹೊರತು ಎದುರಿನ ನಾಸ್ ಎದ್ದಿದೆಯೆಂದಲ್ಲ. ಈ ಸೂಕ್ಷ್ಮವನ್ನು ಹಿಂದಿನವರು ಗಮನಿಸಿರಲೇ ಇಲ್ಲ. ಆದ್ದರಿಂದ ನಾಸ್‌ನ 2049ನೇ ಪೋರ್ಟ್ (ಎನ್‌ಎಫ್‌ಎಸ್ ಬಳಸುವ ಸಂಪರ್ಕ ದ್ವಾರ) ಉತ್ತರಿಸುವವರೆಗೆ ಕಾದು, ನಂತರವೇ ಪೂಲನ್ನೂ ಅದರ ಬೆನ್ನಿಗೆ ಯಂತ್ರಗಳನ್ನೂ ಶುರುಮಾಡುವ ಪುಟ್ಟ ಸರ್ವಿಸ್ ಒಂದನ್ನು ಬರೆದುಕೊಟ್ಟರು.

ಹೊರಡುವ ಮೊದಲು ಮೇನ್ ಸ್ವಿಚ್ಚನ್ನೇ ಮೂರು ಸಲ ಆರಿಸಿ ಹಾಕಿ ಪರೀಕ್ಷಿಸಿದರು. ಮೂರು ಸಲವೂ ಟ್ಯಾಲಿ ತೆರೆಯಿತು. ಹೇಳಿದ ದಿನಕ್ಕಿಂತ ಒಂದು ದಿನ ತಡವಾಗಿ ಬಂದದ್ದು ಬೇಸರವೇ, ಆದರೂ ಮುಂದಿನ ಸಲವೂ ಇವರನ್ನೇ ಕರೆಯುತ್ತೇನೆ.